ಬೋಲ್ಟ್ ರೈಫಲ್ಲಿಗೆ ಹೊಸ ಸ್ಟಾಕ್, ಹೊಸ ಟ್ರಿಗರ್: ಗುರಿ ನಿಜವಾಗಿ ಎಷ್ಟು ಸುಧಾರಿಸಿತು?

ಕಳೆದ ಎಂಟು ತಿಂಗಳಲ್ಲಿ ನನ್ನ ಬೋಲ್ಟ್ ರೈಫಲ್ಲಿಗೆ (ಪ್ರತಿ ಗುಂಡಿಗೂ ಬೋಲ್ಟ್ ಎಂಬ ಉಕ್ಕಿನ ಸರಳನ್ನು ಕೈಯಿಂದ ಎಳೆದು ತೋಟೆ ತುಂಬುವಂಥದು; ತೋಟೆಯ ಅಳತೆಯ ಹೆಸರು .308 ವಿಂಚೆಸ್ಟರ್) ಎರಡು ಬಿಡಿಭಾಗಗಳನ್ನು ಹೊರಗಿನಿಂದ ಕೊಂಡು ಹಾಕಿದ್ದೇನೆ. ಒಂದು ಮ್ಯಾಗ್‌ಪುಲ್ ಕಂಪನಿಯ ಹಂಟರ್ 700 ಸ್ಟಾಕ್, ಅಂದರೆ ನಳಿಗೆಯನ್ನು ಹೊತ್ತು ಹೆಗಲಿಗೆ ಆನುವ ಹಿಡಿ. ಇನ್ನೊಂದು ಟಿಮ್ನಿ ಕಂಪನಿಯ 510 ಟ್ರಿಗರ್. ಎರಡನ್ನೂ ಒಟ್ಟಿಗೆ ಹಾಕದೆ, ಒಂದನ್ನು ಹಾಕಿ, ಗುಂಡು ಹೊಡೆದು, ಅಳೆದು, ಬರೆದಿಟ್ಟುಕೊಂಡ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದೆ. ಯಾವುದರಿಂದ ಎಷ್ಟು ಪ್ರಯೋಜನವಾಯಿತು ಎಂದು ಬೇರೆ ಬೇರೆಯಾಗಿ ಹೇಳಲು ಸಾಧ್ಯವಾಗುವುದು ಹೀಗೆ ಮಾಡಿದಾಗ ಮಾತ್ರ. ಈ ವಿಷಯದಲ್ಲಿ ಕನ್ನಡದಲ್ಲಿ ಬರೆದವರು ಕಡಿಮೆ. ಅಮೆರಿಕದಲ್ಲಿ ನೆಲೆಸಿ ಗುರಿ ಅಭ್ಯಾಸದಲ್ಲಿ ಆಸಕ್ತಿ ಇರುವ ನಮ್ಮವರಿಗೆ ನನ್ನ ಅಳತೆಗಳು ಉಪಯೋಗಕ್ಕೆ ಬಂದಾವು ಎಂಬ ಕಾರಣಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಾನು ಕೊಡಗಿನವನು. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಹಬ್ಬದ ದಿನ ಅಜ್ಜ ತಮ್ಮ ಜೋಡುನಳಿಗೆ ಕೋವಿಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ನೆಲ್ಲಕ್ಕಿ ನಡುಬಾಡೆ ಎಂಬ ಮನೆಯ ನಡುಕೋಣೆಯಲ್ಲಿ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸುತ್ತಿದ್ದುದನ್ನು ನೋಡಿಕೊಂಡು ಬೆಳೆದವನು. ಖಾಲಿ ಕೋವಿಯನ್ನೂ ಈಡು ತುಂಬಿದ ಕೋವಿ ಎಂದೇ ತಿಳಿಯಬೇಕು, ಅದರ ಬಾಯಿ ಯಾರ ಕಡೆಗೂ ತಿರುಗಬಾರದು ಎಂಬ ಪಾಠ ನನಗೆ ಅಕ್ಷರಾಭ್ಯಾಸದ ಹೊತ್ತಿಗೇ ಆಗಿತ್ತು. ಈಗ ಅರಿಝೋನಾದ ಚಾಂಡ್ಲರ್‌ನಲ್ಲಿ ಕೆಲಸ. ಬಿಡುವಿರುವ ಶನಿವಾರಗಳಲ್ಲಿ ಫೀನಿಕ್ಸ್ ನಗರದ ಉತ್ತರಕ್ಕಿರುವ ಬೆನ್ ಏವರಿ ಶೂಟಿಂಗ್ ಕೇಂದ್ರಕ್ಕೆ ಹೋಗುತ್ತೇನೆ. ರಾಜ್ಯದ ವನ್ಯಜೀವಿ ಇಲಾಖೆಯೇ ನಡೆಸುವ ಆ ವಿಶಾಲ ಮೈದಾನದಲ್ಲಿ ಮಾಡಿದ ಪರೀಕ್ಷೆಗಳೇ ಈ ಬರಹಕ್ಕೆ ಆಧಾರ.

ಮುಂದೆ ಹೋಗುವ ಮೊದಲು ಕಾನೂನಿನ ಎರಡು ಮಾತು ಹೇಳಲೇಬೇಕು. ಎಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದಲ್ಲಿ ಇಲ್ಲಿರುವವರು ಬಂದೂಕನ್ನಾಗಲೀ ತೋಟೆಯನ್ನಾಗಲೀ ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ; ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಆದ್ದರಿಂದ ಗ್ರೀನ್ ಕಾರ್ಡ್ ಬರುವ ತನಕ ನಾನು ಕಾದೆ. ಇನ್ನು ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಯ ದುರಸ್ತಿ ನಡೆಸುವವನಿಗೂ ಪರವಾನಗಿ ಇರಬೇಕು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದು. ಅದನ್ನು ಮನೆಯಲ್ಲೇ ಬಿಚ್ಚಿ ಬದಲಾಯಿಸುವುದಕ್ಕೆ ಕೊಟ್ಟ ಅನುಮತಿ ಎಂದು ಯಾರೂ ಭಾವಿಸಬಾರದು. ಇಲ್ಲಿ ಹೇಳುವ ಬಿಡಿಭಾಗಗಳು ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರುವ ವಸ್ತುಗಳೂ ಅಲ್ಲ.

ರೈಫಲ್ಲಿನ ವಿಷಯಕ್ಕೆ ಬರುತ್ತೇನೆ. ರೆಮಿಂಗ್ಟನ್ 700 ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ಅಮೆರಿಕದ ಮರೀನ್ ದಳದ ಸ್ನೈಪರ್ ರೈಫಲ್ ಎಂ40 ಮತ್ತು 1988ರಲ್ಲಿ ಸೇನೆ ಸ್ವೀಕರಿಸಿದ ಎಂ24 ಎರಡೂ ಅದೇ ವಿನ್ಯಾಸದ ಮೇಲೆ ನಿಂತವು. ಅದರ ಬೋಲ್ಟ್ ಓಡಾಡುವ ದುಂಡನೆಯ ಉಕ್ಕಿನ ಕವಚವಾದ ರಿಸೀವರ್, ತಿರುಪುಗಳ ಜಾಗ, ಟ್ರಿಗರ್ ಕೂರುವ ಸಂದು ಇವೆಲ್ಲ ಕಾಲಕ್ರಮದಲ್ಲಿ ಒಂದು ಬಗೆಯ ಮಾನಕವಾಗಿ ಬೆಳೆದಿವೆ. ಬೇರೆ ಕಂಪನಿಗಳೂ ಅದೇ ಅಳತೆಯಲ್ಲಿ ರೈಫಲ್ ತಯಾರಿಸುತ್ತವೆ, ಬಿಡಿಭಾಗ ಮಾಡುವವರೆಲ್ಲ ಮೊದಲು ಈ ಅಳತೆಗೇ ಮಾಡುತ್ತಾರೆ. ನನ್ನದು ಅಂಥ ಇನ್ನೊಂದು ಕಂಪನಿಯದು, ಎರಡನೇ ಕೈಯಲ್ಲಿ ಕೊಂಡದ್ದು. ನಳಿಗೆ ಚೆನ್ನಾಗಿತ್ತು; ಅದರ ಬಾಯಿಯ ಅಂಚಿನಲ್ಲಿ ಒಂದು ಗೀರೂ ಇರಲಿಲ್ಲ. ಸ್ಟಾಕ್ ಮಾತ್ರ ತೆಳುವಾದ ಪ್ಲಾಸ್ಟಿಕ್ಕಿನದು.

ಮೊದಲ ಅಳತೆಗಳನ್ನು ಯಾವ ಬದಲಾವಣೆಯನ್ನೂ ಮಾಡದೆ ತೆಗೆದುಕೊಂಡೆ. ಪರೀಕ್ಷೆಯ ಉದ್ದಕ್ಕೂ ಒಂದೇ ತೋಟೆ: ಫೆಡರಲ್ ಗೋಲ್ಡ್ ಮೆಡಲ್, 168 ಗ್ರೇನ್, ಅಂದರೆ ಸುಮಾರು 10.9 ಗ್ರಾಂ ತೂಕದ ಸಿಯೆರಾ ಮ್ಯಾಚ್‌ಕಿಂಗ್ ಗುಂಡು. ದೂರ 100 ಗಜ. ಒಂದೊಂದು ಗುಂಪಿನಲ್ಲಿ ಐದು ಗುಂಡು, ಒಟ್ಟು ಐದು ಗುಂಪು, ಗುಂಪಿನಿಂದ ಗುಂಪಿಗೆ ನಳಿಗೆ ಆರಲು ಹತ್ತು ನಿಮಿಷ. ಕಾಗದದ ಮೇಲೆ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು, ಬಂದ ಅಳತೆಯಿಂದ ಗುಂಡಿನ ವ್ಯಾಸವಾದ 0.308 ಇಂಚನ್ನು ಕಳೆದರೆ ಗುಂಪಿನ ಅಗಲ ಸಿಗುತ್ತದೆ; ಅದು ಚಿಕ್ಕದಾದಷ್ಟೂ ಗುರಿ ನಿಖರ. ನನಗೆ ಸಿಕ್ಕಿದ ಸರಾಸರಿ 1.7 ಇಂಚು, ಅತ್ಯಂತ ಚಿಕ್ಕದು 1.1, ಅತ್ಯಂತ ದೊಡ್ಡದು 2.4.

ಮೂರು ಗುಂಡಿನ ಗುಂಪು ಹೊಡೆದು "ಅರ್ಧ ಇಂಚಿನ ರೈಫಲ್" ಎಂದು ಹೇಳುವವರ ಮಾತಿನಲ್ಲಿ ನನಗೆ ನಂಬಿಕೆ ಇಲ್ಲ, ಅದಕ್ಕೆ ಗಣಿತದ ಕಾರಣವಿದೆ. ಅದೇ ರೈಫಲ್, ಅದೇ ತೋಟೆ, ಅದೇ ಕೈ ಆಗಿದ್ದರೂ ಐದು ಗುಂಡಿನ ಗುಂಪು ಮೂರು ಗುಂಡಿನ ಗುಂಪಿಗಿಂತ ಸರಾಸರಿಯಲ್ಲಿ ಸುಮಾರು 1.27 ಪಟ್ಟು ಅಗಲವಾಗಿರುತ್ತದೆ. ಹತ್ತು ಗುಂಡಿನದು ಸುಮಾರು 1.6 ಪಟ್ಟು. ಬಿಡಿಭಾಗ ಹಾಕುವ ಮೊದಲು ಐದು ಗುಂಡು ಹೊಡೆದು, ಹಾಕಿದ ಮೇಲೆ ಮೂರು ಹೊಡೆದರೆ ಯಾವ ಸುಧಾರಣೆ ಇಲ್ಲದಿದ್ದರೂ ಕಾಗದ ಸುಧಾರಣೆಯನ್ನು ತೋರಿಸುತ್ತದೆ. ಹಣ ತೆತ್ತವನ ಮನಸ್ಸು ಆ ಸುಧಾರಣೆಯನ್ನು ನಂಬಲು ಕಾದೇ ಇರುತ್ತದೆ. ಹಾಗಾಗಿ ಮೊದಲೂ ಆಮೇಲೂ ಗುಂಡಿನ ಎಣಿಕೆ ಒಂದೇ ಇರಲಿ ಎಂದು ಕಟ್ಟುನಿಟ್ಟಾಗಿ ಪಾಲಿಸಿದೆ.

ಹಣ ಖರ್ಚು ಮಾಡದೆ ಮಾಡಬಹುದಾದ ಕೆಲಸ ಒಂದಿತ್ತು. ರಿಸೀವರನ್ನು ಸ್ಟಾಕಿಗೆ ಬಿಗಿಯುವ ಎರಡು ತಿರುಪುಗಳನ್ನು ಹಳೆಯ ಮಾಲೀಕರು ಕೈ ಅಂದಾಜಿನಲ್ಲಿ ಬಿಗಿದಿದ್ದರು. ಒಂದು ಬಹಳ ಬಿಗಿ, ಇನ್ನೊಂದು ಸಡಿಲ. ತಿರುಪಿನ ಬಿಗಿತವನ್ನು ಅಳೆದು ತೋರಿಸುವ ವೀಲರ್ ಕಂಪನಿಯ ಟಾರ್ಕ್ ಸ್ಕ್ರೂಡ್ರೈವರ್ ಹಿಡಿದು ರೈಫಲ್ ತಯಾರಕರ ಕೈಪಿಡಿಯಲ್ಲಿದ್ದ ಅಳತೆಗೆ ಎರಡನ್ನೂ ಸಮನಾಗಿ ಬಿಗಿದೆ. ಮುಂದಿನ ಐದು ಗುಂಪುಗಳ ಸರಾಸರಿ 1.5 ಇಂಚಿಗೆ ಇಳಿಯಿತು. ಇಷ್ಟು ಸಣ್ಣ ವ್ಯತ್ಯಾಸವನ್ನು ಐದು ಗುಂಪುಗಳಿಂದ ಖಚಿತವಾಗಿ ಸಾಧಿಸಲಾಗದು ಎಂಬುದು ನನಗೆ ಗೊತ್ತು. ಆದರೆ ಆ ಐದರಲ್ಲಿ ಒಂದು ಗುಂಪೂ ಎರಡು ಇಂಚು ದಾಟಲಿಲ್ಲ.

ಸ್ಟಾಕ್ ಬದಲಾಯಿಸಬೇಕೆಂಬ ತೀರ್ಮಾನಕ್ಕೆ ನನ್ನನ್ನು ತಂದದ್ದು ಒಂದು ಡಾಲರ್ ನೋಟು. ನಳಿಗೆ ಸ್ಟಾಕಿಗೆ ಎಲ್ಲಿಯೂ ತಾಗದೆ ತೇಲುತ್ತಿರಬೇಕು ಎಂಬುದು ನಿಖರತೆಯ ಹಳೆಯ ನಿಯಮ, ಏಕೆಂದರೆ ಗುಂಡು ಹಾರುವ ಕ್ಷಣದಲ್ಲಿ ನಳಿಗೆ ಬಾರಿಸಿದ ತಂತಿಯಂತೆ ಕಂಪಿಸುತ್ತದೆ, ಆ ಕಂಪನ ಪ್ರತಿ ಸಲವೂ ಒಂದೇ ರೀತಿ ಇದ್ದರೆ ಮಾತ್ರ ಗುಂಡುಗಳು ಒಂದೇ ಕಡೆ ಬೀಳುತ್ತವೆ. ರೈಫಲನ್ನು ಮೇಜಿನ ಮೇಲೆ ಮಲಗಿಸಿ ನಳಿಗೆಯ ಕೆಳಗೆ ನೋಟನ್ನು ತೂರಿಸಿದರೆ ಅದು ರಿಸೀವರಿನ ತನಕ ಸರಾಗವಾಗಿ ಜಾರುತ್ತಿತ್ತು. ಆದರೆ ಮುಂಭಾಗಕ್ಕೆ ಎರಡು ಕಾಲಿನ ಬೈಪಾಡ್ ಹಾಕಿ, ಶೂಟ್ ಮಾಡುವಾಗ ಒತ್ತುವಂತೆ ಹೆಗಲಿನಿಂದ ಮುಂದಕ್ಕೆ ಒತ್ತಿದ ಕೂಡಲೇ ನೋಟು ಅಲ್ಲಿಯೇ ಕಚ್ಚಿಕೊಂಡಿತು. ಪ್ಲಾಸ್ಟಿಕ್ ಬಾಗಿ ನಳಿಗೆಯ ಎಡ ಬದಿಗೆ ತಾಗುತ್ತಿತ್ತು. ನಾನು ಎಷ್ಟು ಒತ್ತುತ್ತೇನೋ ಅದರ ಮೇಲೆ ಗುಂಡು ಬೀಳುವ ಜಾಗ ಬದಲಾಗುತ್ತಿತ್ತು. ಇದಕ್ಕೆ ಒಳ್ಳೆಯ ತೋಟೆಯಾಗಲೀ ಒಳ್ಳೆಯ ಟ್ರಿಗರ್ ಆಗಲೀ ಪರಿಹಾರವಲ್ಲ.

ಮ್ಯಾಗ್‌ಪುಲ್ ಹಂಟರ್ 700 ಸ್ಟಾಕಿನ ಹೊರಮೈ ಗಟ್ಟಿ ಪಾಲಿಮರಿನದು. ಒಳಗೆ ರಿಸೀವರ್ ಕೂರುವಲ್ಲಿ ಎರಕದ ಅಲ್ಯುಮಿನಿಯಂ ಅಚ್ಚು ಇದೆ. ಇದರ ಮಹತ್ವ ಹೇಳಬೇಕಾದದ್ದು. ಹಳೆಯ ಪದ್ಧತಿಯಲ್ಲಿ ಕೋವಿ ದುರಸ್ತಿಗಾರ, ಅಂದರೆ ಗನ್‌ಸ್ಮಿತ್ ಸ್ಟಾಕಿನ ಒಳಗೆ ಎಪಾಕ್ಸಿ ಅಂಟು ತುಂಬಿ, ರಿಸೀವರನ್ನು ಅದರಲ್ಲಿ ಕೂರಿಸಿ, ಗಟ್ಟಿಯಾದ ಮೇಲೆ ಬಿಡಿಸಿ, ರಿಸೀವರಿಗೆ ತಕ್ಕ ಹಾಸಿಗೆ ಮಾಡಿಕೊಡುತ್ತಾನೆ. ಬೆಡ್ಡಿಂಗ್ ಎಂಬ ಹೆಸರು ಅದಕ್ಕೇ ಬಂದದ್ದು. ಆ ಕೆಲಸಕ್ಕೆ ನುರಿತ ಕೈ ಬೇಕು, ವಾರಗಟ್ಟಲೆ ಕಾಯಬೇಕು. ಅಲ್ಯುಮಿನಿಯಂ ಅಚ್ಚು ಅಷ್ಟು ಪರಿಪೂರ್ಣವಲ್ಲದಿದ್ದರೂ, ಅದರ ಬಹುಪಾಲು ಲಾಭವನ್ನು ಅರ್ಧ ಗಂಟೆಯಲ್ಲಿ ಕೊಡುತ್ತದೆ. ನನ್ನ ರೈಫಲ್ ಇದರಲ್ಲಿ ಒಂದು ಚೂರೂ ಕೆತ್ತದೆ, ಉಜ್ಜದೆ ಕೂತಿತು.

ಕೂರಿಸುವ ಕ್ರಮದಲ್ಲಿ ಅವಸರ ಕೂಡದು. ಬೋಲ್ಟ್ ಹೊರತೆಗೆದು, ಮ್ಯಾಗಝಿನ್ ಖಾಲಿ ಇದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ತಿರುಪುಗಳನ್ನು ಬೆರಳಲ್ಲೇ ಹಿಡಿಸಿದೆ. ರೈಫಲನ್ನು ನೆಟ್ಟಗೆ ನಿಲ್ಲಿಸಿ ಹಿಂಭಾಗವನ್ನು ಕಾರ್ಪೆಟ್ಟಿನ ಮೇಲೆ ಎರಡು ಸಲ ಮೆಲ್ಲಗೆ ಕುಟ್ಟಿದೆ. ಗುಂಡು ಹಾರಿದಾಗ ಹಿಂದಕ್ಕೆ ಬರುವ ಹೊಡೆತವನ್ನು ಸ್ಟಾಕಿಗೆ ದಾಟಿಸುವ ಉಕ್ಕಿನ ತುಂಡಾದ ರಿಕಾಯಿಲ್ ಲಗ್ ತನ್ನ ಗೋಡೆಗೆ ಆನಿಕೊಳ್ಳುವುದು ಆಗಲೇ. ಆಮೇಲೆ ಮುಂದಿನ ತಿರುಪು, ನಂತರ ಹಿಂದಿನದು, ಮತ್ತೆ ಮುಂದಿನದು, ಹೀಗೆ ಹಂತ ಹಂತವಾಗಿ 65 ಇಂಚು-ಪೌಂಡಿನ (ತಿರುಪಿನ ಬಿಗಿತದ ಅಳತೆ) ತನಕ ಬಿಗಿದೆ. ಅಲ್ಯುಮಿನಿಯಂ ಅಚ್ಚಿನ ಸ್ಟಾಕುಗಳಿಗೆ ರೂಢಿಯಲ್ಲಿರುವ ಅಳತೆ ಇದು. ಬರೀ ಮರದ ಅಥವಾ ಪ್ಲಾಸ್ಟಿಕ್ಕಿನ ಸ್ಟಾಕಿಗೆ ಇಷ್ಟು ಬಿಗಿದರೆ ಅದು ಜಜ್ಜಿಹೋಗುತ್ತದೆ.

ಒಂದು ಪರೀಕ್ಷೆಯನ್ನು ಎಲ್ಲರೂ ಮಾಡಿನೋಡಬೇಕು. ಎಡಗೈ ಹೆಬ್ಬೆರಳನ್ನು ನಳಿಗೆಯ ಮೇಲೂ ಸ್ಟಾಕಿನ ತುದಿಯ ಮೇಲೂ ಒಟ್ಟಿಗೆ ತಾಗುವಂತೆ ಇಟ್ಟು, ಬಲಗೈಯಿಂದ ಮುಂದಿನ ತಿರುಪನ್ನು ನಿಧಾನವಾಗಿ ಸಡಿಲಿಸಿದರೆ, ಹಾಸಿಗೆ ಸರಿಯಿಲ್ಲದ ಸ್ಟಾಕಿನಲ್ಲಿ ನಳಿಗೆ ಮೇಲಕ್ಕೆ ಪುಟಿಯುವುದು ಬೆರಳಿಗೆ ತಿಳಿಯುತ್ತದೆ. ಬಿಗಿದಾಗ ರಿಸೀವರ್ ಬಾಗುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಹಳೆಯ ಸ್ಟಾಕಿನಲ್ಲಿ ಆ ಪುಟಿತ ಸ್ಪಷ್ಟವಾಗಿತ್ತು. ಹೊಸದರಲ್ಲಿ ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಬೈಪಾಡ್ ಮೇಲೆ ಮೈಭಾರ ಹಾಕಿ ಒತ್ತಿದಾಗಲೂ ಡಾಲರ್ ನೋಟು ಸರಾಗವಾಗಿ ಓಡಾಡಿತು.

ಆದರೂ ಮೊದಲ ಎರಡು ಶನಿವಾರಗಳ ಫಲಿತಾಂಶ ಮೊದಲಿಗಿಂತ ಕೆಟ್ಟದಾಗಿತ್ತು. ಮೂರು ಗುಂಡು ಒಂದು ಕಡೆ, ಉಳಿದೆರಡು ಮೂರು ಇಂಚು ಬಲಕ್ಕೆ. ಸ್ಟಾಕಿನ ಮೇಲೇ ನನಗೆ ಅನುಮಾನ ಬಂತು. ತಪ್ಪಿದ್ದದ್ದು ಬೇರೆಲ್ಲೋ. ಗುರಿ ನೋಡಲು ರೈಫಲ್ಲಿನ ಮೇಲೆ ಕೂರಿಸಿದ ದುರ್ಬೀನನ್ನು ಹಿಡಿದಿಡುವ ಉಂಗುರಗಳನ್ನು ನಾನು ಅಗ್ಗದಲ್ಲಿ ಕೊಂಡಿದ್ದೆ. ಕಂಪನಿಯ ಹೆಸರು ಇಲ್ಲಿ ಬೇಡ. ಹಿಂದಿನ ಉಂಗುರದ ಒಂದು ತಿರುಪಿನ ಸುರುಳಿ ಗೆರೆ ಸವೆದು, ಬಿಗಿದಂತೆ ತೋರಿದರೂ ಹಿಡಿತವಿಲ್ಲದೆ ತಿರುಗುತ್ತಿತ್ತು. ದುರ್ಬೀನಿನ ಕೊಳವೆಯ ಮೇಲೆ ಉಂಗುರ ಜರುಗಿದ ಹೊಳೆಯುವ ಗೆರೆಯನ್ನು ಬೆಳಕಿಗೆ ಹಿಡಿದಾಗ ನೋಡಿದೆ. ಒಳ್ಳೆಯ ಉಕ್ಕಿನ ಉಂಗುರ ತಂದು, ಉಂಗುರಗಳು ಕೂರುವ ಲೋಹದ ಪಟ್ಟಿಯಾದ ರೈಲಿನ ತಿರುಪುಗಳಿಗೆ, ಅವು ಸಡಿಲವಾಗದಂತೆ ಹಿಡಿದಿಡುವ ನೀಲಿ ಲಾಕ್‌ಟೈಟ್ ಒಂದೊಂದು ಹನಿ ಹಾಕಿ ಬಿಗಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ನಲವತ್ತು ದುಬಾರಿ ತೋಟೆ ಹಾಳಾದ ನೋವು ಇನ್ನೂ ಇದೆ. ಬಿಡಿಭಾಗದ ಅಂಗಡಿಗೆ ಹೋಗುವ ಮೊದಲು ದುರ್ಬೀನಿನ ಉಂಗುರ, ರೈಲು, ಸ್ಟಾಕಿನ ತಿರುಪು ಈ ಮೂರನ್ನು ನೋಡಿ ಎಂದು ಯಾರಿಗಾದರೂ ಹೇಳುವುದು ಈ ಅನುಭವದಿಂದ.

ಉಂಗುರ ಸರಿಪಡಿಸಿದ ಮೇಲೆ ಬಂದ ಐದು ಗುಂಪುಗಳ ಸರಾಸರಿ 1.1 ಇಂಚು, ಅತ್ಯಂತ ದೊಡ್ಡದು 1.4. ಇಡೀ ಪ್ರಯತ್ನದಲ್ಲಿ ದೊಡ್ಡ ಲಾಭ ಇದೇ. ಸ್ಟಾಕಿನ ಹಿಂಭಾಗದಲ್ಲಿ ಪಟ್ಟಿಗಳನ್ನು ಸೇರಿಸಿ ಉದ್ದವನ್ನು 13ರಿಂದ 15 ಇಂಚಿನ ನಡುವೆ ಹೊಂದಿಸಿಕೊಳ್ಳಬಹುದಾದ್ದರಿಂದ ನನ್ನಂಥ ಐದಡಿ ಐದಂಗುಲದವನಿಗೂ ಕೆನ್ನೆ ಪ್ರತಿ ಸಲ ಒಂದೇ ಜಾಗಕ್ಕೆ ಬರುತ್ತದೆ. ಒಪ್ಪಿಕೊಳ್ಳಬೇಕಾದ ಮಿತಿ ತೂಕ. ಈ ಸ್ಟಾಕೊಂದೇ ಸುಮಾರು 3 ಪೌಂಡ್, ಅಂದರೆ 1.3 ಕಿಲೋ ಇದೆ. ಮೈದಾನದ ಬೆಂಚಿನ ಮೇಲೆ ಅದು ಅನುಕೂಲವೇ. ಗುಡ್ಡ ಹತ್ತಿ ಜಿಂಕೆ ಬೇಟೆಗೆ ಹೋಗುವವರು ಮಾತ್ರ ಒಮ್ಮೆ ಕೈಯಲ್ಲಿ ಹಿಡಿದು ನೋಡಿ ಕೊಳ್ಳಲಿ.

ಇನ್ನು ಟ್ರಿಗರ್. ಟಿಮ್ನಿ 1946ರಿಂದ ಟ್ರಿಗರ್ ತಯಾರಿಸುತ್ತಿರುವ ಕಂಪನಿ. ಈಗ ಅದು ಇರುವುದು ನಮ್ಮ ಫೀನಿಕ್ಸ್‌ನಲ್ಲೇ. ನಮ್ಮ ಕಡೆ ಹಿರಿಯರು ಟ್ರಿಗರನ್ನು ಕೋವಿಯ ಕುದುರೆ ಎನ್ನುತ್ತಾರೆ. ಹಳೆಯ ಕುದುರೆಯನ್ನು ತೂಕದ ಗೇಜಿನಿಂದ ಹತ್ತು ಸಲ ಎಳೆದು ನೋಡಿದಾಗ 5.2 ಪೌಂಡಿನಿಂದ 6 ಪೌಂಡಿನ ತನಕ ಏರಿಳಿಯುತ್ತಿತ್ತು. ಎಳೆಯುವ ದಾರಿಯಲ್ಲಿ ಮರಳು ಸಿಕ್ಕಿದ ಬಾಗಿಲಿನಂತೆ ಎರಡು ಕಡೆ ತಡೆದು ತಡೆದು ಜರುಗುತ್ತಿತ್ತು. ಯಾವ ಕ್ಷಣದಲ್ಲಿ ಗುಂಡು ಹಾರುತ್ತದೆ ಎಂದು ಬೆರಳಿಗೆ ಗೊತ್ತಾಗದಿದ್ದಾಗ ಮೈ ತಾನಾಗಿ ಬಿಗಿದುಕೊಳ್ಳುತ್ತದೆ. 510 ಮಾದರಿಯನ್ನು ಕಾರ್ಖಾನೆಯಲ್ಲೇ 3 ಪೌಂಡಿಗೆ ಹೊಂದಿಸಿ ಕಳಿಸುತ್ತಾರೆ, 1.5ರಿಂದ 4 ಪೌಂಡಿನ ತನಕ ಬದಲಾಯಿಸಬಹುದು. ನನ್ನದು ಹತ್ತು ಎಳೆತಗಳಲ್ಲಿ 2.9ರಿಂದ 3.1ರ ಒಳಗೇ ಉಳಿಯಿತು. ಜರುಗುವಿಕೆ ಇಲ್ಲ, ತೆಳುವಾದ ಗಾಜಿನ ಕಡ್ಡಿ ಮುರಿದಂತೆ ಥಟ್ಟನೆ ಬಿಡುತ್ತದೆ.

ಹಾಕುವುದು ಕಷ್ಟವಲ್ಲ. ಎರಡು ಪಿನ್ನುಗಳನ್ನು ಹಿತ್ತಾಳೆಯ ಪಂಚಿನಿಂದ ತಟ್ಟಿ ಹೊರತೆಗೆದರೆ ಹಳೆಯದು ಕೈಗೆ ಬರುತ್ತದೆ. ಬೋಲ್ಟ್ ಹೊರಬರದಂತೆ ತಡೆಯುವ ಬೋಲ್ಟ್ ಸ್ಟಾಪಿನ ಪುಟ್ಟ ಸ್ಪ್ರಿಂಗು ಅದರ ಜೊತೆಗೇ ಹೊರಬರುವುದರಿಂದ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಬೇಕು, ಬಿಚ್ಚುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಬೇಕು. ಕೈಯಲ್ಲಿ ಈ ಬಗೆಯ ಕೆಲಸದ ರೂಢಿ ಇಲ್ಲದವರು ಗನ್‌ಸ್ಮಿತ್ ಹತ್ತಿರ ಹೋಗುವುದೇ ಸರಿ, ಏಕೆಂದರೆ ಸ್ಟಾಕ್ ತಪ್ಪಾಗಿ ಕೂತರೆ ಗುರಿ ತಪ್ಪುತ್ತದೆ, ಟ್ರಿಗರ್ ತಪ್ಪಾಗಿ ಕೂತರೆ ಜೀವ ಹೋಗಬಹುದು. ಹಾಕಿದ ಮೇಲೆ ಖಾಲಿ ರೈಫಲ್ಲಿನಲ್ಲಿ ಮಾಡುವ ಪರೀಕ್ಷೆಯನ್ನು ಯಾರೂ ಬಿಡಬಾರದು. ಬೋಲ್ಟ್ ಎಳೆದು ಕಾಕ್ ಮಾಡಿ (ಹೊಡೆಯಲು ಅಣಿಮಾಡಿ), ಸೇಫ್ಟಿ ಹಾಕಿ, ಟ್ರಿಗರನ್ನು ಬಲವಾಗಿ ಎಳೆದು ಬಿಟ್ಟು, ಆಮೇಲೆ ಸೇಫ್ಟಿ ತೆಗೆದಾಗ ತೋಟೆಗೆ ಬಡಿದು ಸಿಡಿಸುವ ಫೈರಿಂಗ್ ಪಿನ್ ಬೀಳಬಾರದು. ಬೋಲ್ಟನ್ನು ಹೊಡೆದು ಮುಚ್ಚಿದಾಗಲೂ, ರಬ್ಬರ್ ಸುತ್ತಿಗೆಯಿಂದ ಸ್ಟಾಕಿನ ಹಿಂಭಾಗವನ್ನೂ ಪಕ್ಕಗಳನ್ನೂ ತಟ್ಟಿದಾಗಲೂ ಬೀಳಬಾರದು. ನಾನು ಇದನ್ನೆಲ್ಲ ಇಪ್ಪತ್ತು ಇಪ್ಪತ್ತು ಸಲ ಮಾಡಿದೆ. 3 ಪೌಂಡಿಗಿಂತ ಕೆಳಕ್ಕೆ ಇಳಿಸುವ ಆಸೆ ಹುಟ್ಟಿದರೂ ಇಳಿಸಲಿಲ್ಲ. ಚಳಿಗಾಲದ ಬೆಳಿಗ್ಗೆ ಮರಗಟ್ಟಿದ ಬೆರಳಿಗೆ ಅದಕ್ಕಿಂತ ಹಗುರವಾದ ಟ್ರಿಗರ್ ಕ್ಷೇಮವಲ್ಲ.

ಬೆಂಚಿನ ಮೇಲೆ ಮರಳಿನ ಚೀಲಕ್ಕೆ ಆನಿಸಿ ಹೊಡೆದಾಗ ಸರಾಸರಿ 1.1ರಿಂದ 0.95 ಇಂಚಿಗೆ ಇಳಿಯಿತು. ಅಷ್ಟೇ. ಇದು ಅನೇಕರಿಗೆ ನಿರಾಸೆ ತರಬಹುದು, ಆದರೆ ಆಗಬೇಕಾದದ್ದೇ ಆಗಿದೆ. ಟ್ರಿಗರ್ ರೈಫಲ್ಲಿನ ಸ್ವಂತ ನಿಖರತೆಯನ್ನು ಹೆಚ್ಚಿಸುವ ಭಾಗವಲ್ಲ. ಅದು ಶೂಟರ್ ಮಾಡುವ ಕೇಡನ್ನು ತಗ್ಗಿಸುವ ಭಾಗ. ಚೀಲ ರೈಫಲನ್ನು ಹಿಡಿದಿರುವಾಗ ಆ ಕೇಡು ಮೊದಲೇ ಕಡಿಮೆ ಇರುತ್ತದೆ. ನೆಲದ ಮೇಲೆ ಕುಳಿತು ಮೊಣಕಾಲಿಗೆ ಮೊಣಕೈ ಊರಿ ಹೊಡೆದಾಗ ನಿಜವಾದ ವ್ಯತ್ಯಾಸ ಕಂಡಿತು: ಹಳೆಯ ಟ್ರಿಗರಿನಲ್ಲಿ 3.2 ಇಂಚಿದ್ದ ಸರಾಸರಿ ಹೊಸದರಲ್ಲಿ 2.2ಕ್ಕೆ ಬಂತು. ಆರು ಪೌಂಡ್ ಎಳೆತ ಒಂಬತ್ತು ಪೌಂಡಿನ ರೈಫಲನ್ನು ಆಧಾರವಿಲ್ಲದ ಕೈಯಲ್ಲಿ ಎಷ್ಟು ಪಕ್ಕಕ್ಕೆ ಜಗ್ಗುತ್ತದೆ ಎಂಬುದು ಆಗ ಅರ್ಥವಾಗುತ್ತದೆ. ಬೇಟೆಗೆ ಹೋಗುವವರಿಗೆ ಟಿಮ್ನಿ ಕೊಟ್ಟ ಹಣಕ್ಕೆ ಪೂರಾ ಬೆಲೆ ಸಲ್ಲಿಸುತ್ತದೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಬೆಂಚಿನ ಮೇಲಷ್ಟೇ ಹೊಡೆಯುವವರು ಆ ಹಣಕ್ಕೆ ಮೊದಲು ತೋಟೆ ಕೊಳ್ಳಲಿ.

ನಳಿಗೆ ಬದಲಾಯಿಸಲು ಗೆಳೆಯರೊಬ್ಬರು ಒತ್ತಾಯಿಸಿದರು. ಹೊಸ ನಳಿಗೆ ಹಾಕುವಾಗ ತೋಟೆ ಕೂರುವ ಕೋಣೆಯ ಆಳವನ್ನು ಗೇಜ್ ಇಟ್ಟು ಇಂಚಿನ ಸಾವಿರದ ಕೆಲವೇ ಅಂಶಗಳ ಮಟ್ಟಕ್ಕೆ ಹೊಂದಿಸಬೇಕು. ಅದು ಗನ್‌ಸ್ಮಿತ್ ಕೆಲಸ, ಅವರ ಕೂಲಿ ಸೇರಿದರೆ ಈ ಎರಡೂ ಬಿಡಿಭಾಗಗಳಿಗಿಂತ ಹೆಚ್ಚು ಖರ್ಚು. ಒಂದು ಇಂಚಿನೊಳಗೆ ಹೊಡೆಯುತ್ತಿರುವ ನಳಿಗೆಯನ್ನು ಬಿಚ್ಚುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಕೊನೆಯ ಪರೀಕ್ಷೆಗೆ ಬೆಳಿಗ್ಗೆ ಬೇಗನೆ ಹೋದೆ. ಬಿಸಿಲೇರಿದರೆ ಅರಿಝೋನಾದಲ್ಲಿ ನೆಲದಿಂದಲೂ ಬಿಸಿಯಾದ ನಳಿಗೆಯಿಂದಲೂ ಬಿಸಿಲ್ಗುದುರೆ ಎದ್ದು ದುರ್ಬೀನಿನಲ್ಲಿ ಗುರಿಯ ಚುಕ್ಕೆ ನೀರಿನಲ್ಲಿ ತೇಲಿದಂತೆ ಕುಣಿಯುತ್ತದೆ. ಈ ಸಲ ಐದಲ್ಲ, ಹತ್ತು ಗುಂಡು, ಒಂದೇ ಕಾಗದಕ್ಕೆ. ಏಳನೆಯದು ಸ್ವಲ್ಪ ಎಡಕ್ಕೆ ಹೋಯಿತು. ಉಸಿರು ಪೂರ್ತಿ ಬಿಡುವ ಮೊದಲೇ ಎಳೆದಿದ್ದೆ, ಅದು ಆಗಲೇ ಗೊತ್ತಾಗಿತ್ತು. ಅದನ್ನೂ ಸೇರಿಸಿಯೇ ಅಳೆದೆ: 1.2 ಇಂಚು. ಮನೆಗೆ ಬಂದು ಟಾರ್ಕ್ ಸ್ಕ್ರೂಡ್ರೈವರ್ ಹಿಡಿದು ಸ್ಟಾಕಿನ ಎರಡು ತಿರುಪುಗಳನ್ನು ನೋಡಿದಾಗ, ನೂರಕ್ಕೂ ಹೆಚ್ಚು ಗುಂಡು ಹಾರಿದ ಮೇಲೂ ಅವು 65ರಲ್ಲೇ ನಿಂತಿದ್ದವು.